ಹಾಸನದಲ್ಲಿ ನೋಡಿದ ಮೂರು ಮನೆ: ಹಳೇ ಹೆಂಚಿನ ಮನೆಯನ್ನೇ ಯಾಕೆ ಕೊಂಡೆವು

ಮೊದಲೇ ಹೇಳಿಬಿಡುತ್ತೇನೆ. ನಾವು ಕೊಂಡಿದ್ದು ಕೆ.ಆರ್. ಪುರಂನ ಹಳೇ ಹೆಂಚಿನ ಮನೆ. ಇನ್ನೊಂದು ಸಲ ಕೊಳ್ಳಬೇಕು ಅಂದರೂ ಅದನ್ನೇ ಕೊಳ್ಳುತ್ತೇನೆ. ಆದರೆ ಅದು ನಮ್ಮ ಕೈಗೆ ಬರುವಷ್ಟರಲ್ಲಿ ಒಂದೇ ಒಂದು ಸಹಿಗಾಗಿ ತಿಂಗಳುಗಟ್ಟಲೆ ಓಡಾಡಿದೆವು. ದುಡ್ಡೂ ಜಾಸ್ತಿ ಹೋಯಿತು. ಹಳೇ ಬಡಾವಣೆಯಲ್ಲಿ ಮನೆ ಹುಡುಕುತ್ತಿರುವವರಿಗೆ ಅದು ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ನಮ್ಮ ಲೆಕ್ಕ ಇಷ್ಟು. ಮನೆ, ನೋಂದಣಿ, ರಿಪೇರಿ ಎಲ್ಲಾ ಸೇರಿ 90 ಲಕ್ಷ ದಾಟಬಾರದು. ನನಗೆ ಗಾಡಿ ಓಡಿಸಲು ಬರುವುದಿಲ್ಲ, ಎಲ್ಲಿಗೇ ಆದರೂ ನಡೆದೇ ಹೋಗುತ್ತೇನೆ. ಅತ್ತೆಗೆ 76 ವರ್ಷ, ಮಂಡಿ ನೋವು. ನಮ್ಮ ಯಜಮಾನರಿಗೆ ಬೆಳಗಿನ ವಾಕಿಂಗ್ ಮಹಾರಾಜ ಪಾರ್ಕಿನಲ್ಲೇ ಆಗಬೇಕು. ಇದಿಷ್ಟನ್ನೂ ಇಟ್ಟುಕೊಂಡು ಮೂರು ಮನೆಗಳನ್ನು ಕೊನೆಯ ಸುತ್ತಿಗೆ ತಂದೆವು. ಕೆ.ಆರ್. ಪುರಂನಲ್ಲಿ 1962ರಲ್ಲಿ ಕಟ್ಟಿದ 30×50 ಅಡಿ ಸೈಟಿನ ಹೆಂಚಿನ ಮನೆ. ಕುವೆಂಪು ನಗರದಲ್ಲಿ ಎಂಬತ್ತರ ದಶಕದ ತಾರಸಿ ಮನೆ. ರಿಂಗ್ ರೋಡಿನಾಚೆ ಹೊಸದಾಗಿ ಕಟ್ಟಿದ ಡ್ಯೂಪ್ಲೆಕ್ಸ್. ಮೂರನ್ನೂ ಒಂದು ಸಲ ಬಿಸಿಲಲ್ಲಿ, ಒಂದು ಸಲ ಮಳೆಯಲ್ಲಿ ನೋಡಿದೆವು. ಮಳೆಯಲ್ಲಿ ನೋಡದೆ ಮಲೆನಾಡಿನ ಅಂಚಿನ ಈ ಊರಲ್ಲಿ ಮನೆ ಕೊಳ್ಳಲೇಬೇಡಿ.

ಹೊಸ ಡ್ಯೂಪ್ಲೆಕ್ಸ್ ನೋಡಲು ಚೆಂದವೇ. ಟೈಲ್ಸ್ ಮಿರಮಿರ ಅನ್ನುತ್ತಿತ್ತು. ಕಾಗದಪತ್ರವೂ ಸರಿಯಿತ್ತು, ಬ್ಯಾಂಕಿನವರು ಕೇಳಿದಷ್ಟು ಸಾಲ ಕೊಡಲು ತಯಾರಿದ್ದರು. ಆದರೆ ಕೆಳಗೆ ಕಾರಿನ ಜಾಗ, ಹಾಲ್, ಅಡುಗೆಮನೆ ಅಷ್ಟೇ. ಮಲಗುವ ಕೋಣೆ ಮೂರೂ ಮೇಲೆ. ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು, ಹತ್ತಲಿಲ್ಲ. ನಮಗೆ ಅಲ್ಲಿಗೇ ಉತ್ತರ ಸಿಕ್ಕಿತು. ನೀರು ಬರೀ ಬೋರ್‌ವೆಲ್‌ದು, ಪಕ್ಕದ ಮನೆಯವರ ಪಾತ್ರೆ ತಳದಲ್ಲಿ ಬಿಳಿ ಹಿಟ್ಟು ಕಟ್ಟಿದ್ದನ್ನು ಕಣ್ಣಾರೆ ನೋಡಿದೆ. ಒಂದು ಕಟ್ಟು ಸೊಪ್ಪು ಬೇಕಾದರೂ ಆಟೋ ಹತ್ತಬೇಕು.

ಕುವೆಂಪು ನಗರದ್ದು ನಿಜಕ್ಕೂ ಒಳ್ಳೆಯ ಮನೆ. ಒಬ್ಬರೇ ಮಾಲೀಕರು, ಅವರೇ ಸೈಟು ತಗೊಂಡು ಅವರೇ ಕಟ್ಟಿಸಿದ್ದು. ಮೂಲಪತ್ರದಿಂದ ಹಿಡಿದು ಈ ವರ್ಷದ ಕಂದಾಯದ ರಸೀದಿವರೆಗೆ ಒಂದೇ ಫೈಲಿನಲ್ಲಿ ಜೋಡಿಸಿಟ್ಟಿದ್ದರು. ದಾಖಲೆ ಒಂದನ್ನೇ ನೋಡುವುದಾದರೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ. ಅದನ್ನು ಬಿಡಬೇಕಾಗಿ ಬಂದದ್ದು ಸೂರಿನಿಂದ. ಹಿಂದಿನ ಕೋಣೆಯ ಮೇಲ್ಭಾಗಕ್ಕೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ನಾವು ಕರೆದುಕೊಂಡು ಹೋದ ಎಂಜಿನಿಯರ್ ಏಣಿ ಹತ್ತಿ ಸುತ್ತಿಗೆ ಹಿಡಿಯಿಂದ ತಟ್ಟಿದರು. ಗಟ್ಟಿ ಇದ್ದ ಕಡೆ ಟಣ್ ಅಂದಿತು. ಮಧ್ಯದಲ್ಲಿ ತಟ್ಟಿದರೆ ಖಾಲಿ ಡಬ್ಬದ ಹಾಗೆ ಡಬ್ ಡಬ್. ವರ್ಷಾನುಗಟ್ಟಲೆ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಕೆಳಗೆ ನೂಕುತ್ತದೆ ಅಂತ ಅವರು ಬಿಡಿಸಿ ಹೇಳಿದರು. ಮೇಲೆ ಎಷ್ಟು ಸಿಮೆಂಟ್ ಬಳಿದರೂ ಒಳಗಿನದು ನಿಲ್ಲುವುದಿಲ್ಲ. ಕೆರೆದು ಸರಿ ಮಾಡಿಸಲು 7 ಲಕ್ಷ ಅಂದರು. ಅಷ್ಟು ಖರ್ಚು ಮಾಡಿದ ಮೇಲೂ ಆ ಕೋಣೆಯಲ್ಲಿ ಮಲಗಿದರೆ ನನ್ನ ಕಣ್ಣು ಮೇಲೆಯೇ ಇರುತ್ತಿತ್ತು.

ಇನ್ನು ನಮ್ಮ ಕೆ.ಆರ್. ಪುರಂ ಮನೆ. ಮುಂದೆ ಜಗಲಿ, ಒಳಗೆ ಉದ್ದನೆಯ ಹಜಾರ, ಎರಡು ಕೋಣೆ, ಹಿಂದೆ ಅಡುಗೆಮನೆ. ಬಚ್ಚಲು ಮತ್ತು ಅದರ ಪಕ್ಕದ ಒಂದು ಕೋಣೆಗೆ ಮಾತ್ರ ಆಮೇಲೆ ತಾರಸಿ ಹಾಕಿಸಿದ್ದಾರೆ. ಕೆಂಪು ನೆಲ ಅರವತ್ತು ವರ್ಷ ಒರೆಸಿ ಒರೆಸಿ ಕನ್ನಡಿ ಆಗಿದೆ. ಎಲ್ಲವೂ ಒಂದೇ ಮಟ್ಟದಲ್ಲಿದೆ, ಅತ್ತೆ ತಮ್ಮ ಮಂಚದಿಂದ ದೇವರ ಮನೆಗೆ ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ಗೊರೂರಿನ ಹೇಮಾವತಿ ನೀರು ನಲ್ಲಿಯಲ್ಲಿ ಬರುತ್ತದೆ. ಕಟ್ಟಿನಕೆರೆ ಮಾರುಕಟ್ಟೆಗೆ ನಡೆದುಹೋಗಿ ಸೊಪ್ಪು ತರುತ್ತೇನೆ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೆ ಒಂದೇ ಸಲ ಅಲ್ವಾ, ಮುಂದಿನ ದೀಪಾವಳಿ ದರ್ಶನಕ್ಕೆ ನಿಮ್ಮನೆಗೇ ಬಂದು ಇಳಿಯುತ್ತೇವೆ ಅಂತ ನೆಂಟರು ಈಗಲೇ ಹೇಳಿಟ್ಟಿದ್ದಾರೆ. ನನಗಂತೂ ಖುಷಿ.

ಕೇಳಿದ್ದು 85 ಲಕ್ಷ, ಕುದುರಿದ್ದು 78ಕ್ಕೆ. ಶ್ರಾವಣದಲ್ಲಿ ನೋಂದಣಿ ಅಂತ ಮಾತಾಯಿತು. ಆಗ ಎದುರಾಯಿತು ನೋಡಿ ಆ ಸಹಿಯ ವಿಷಯ.

ಸೈಟನ್ನು 1961ರಲ್ಲಿ ಕೊಂಡವರು ಮಾರುವವರ ತಂದೆ. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು, ತಾಯಿಯೂ ಇಲ್ಲ. ಖಾತೆ ದೊಡ್ಡ ಮಗನ ಹೆಸರಿನಲ್ಲಿತ್ತು. ವಂಶವೃಕ್ಷದಲ್ಲಿ ನಾಲ್ಕು ಮಕ್ಕಳು, ಮೂರು ಗಂಡು ಒಂದು ಹೆಣ್ಣು. ನಾಲ್ಕೂ ಜನ ಬಂದು ಸಹಿ ಹಾಕುತ್ತೇವೆ ಅಂದರು. ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆಸಿದೆವು, ಸಾಲ ಇಲ್ಲ, ಬೇರೆ ಮಾರಾಟ ಇಲ್ಲ. ಎಲ್ಲಾ ಸರಿ ಇದೆ ಅಂದುಕೊಂಡು ಅತ್ತೆಗೆ ಮನೆ ತೋರಿಸಲು ಎರಡನೇ ಸಲ ಹೋದೆವು.

ಅಡುಗೆಮನೆ ಬಾಗಿಲಿನದು ಹಲಸಿನ ಮರದ ಚೌಕಟ್ಟು. ಅದರ ಒಳಬದಿಗೆ ಪೆನ್ಸಿಲ್ಲಿನಲ್ಲಿ ಅಡ್ಡ ಗೀಟುಗಳಿದ್ದವು. ಪ್ರತಿ ಯುಗಾದಿಗೆ ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತು ಹಾಕಿದ್ದು. ಒಂದೊಂದು ಗೀಟಿನ ಪಕ್ಕ ಒಂದು ಹೆಸರು, ವರ್ಷ. ಅತ್ತೆ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರ ಮನೇಲಿ ಮಕ್ಕಳು ನಾಲ್ಕೋ ಐದೋ?" ಅಂದರು.

ಎಲ್ಲಕ್ಕಿಂತ ಕೆಳಗಿನ ಗೀಟಿನ ಪಕ್ಕ ಇದ್ದದ್ದು ಒಂದು ಹುಡುಗಿಯ ಹೆಸರು. ಆ ಹೆಸರು ವಂಶವೃಕ್ಷದಲ್ಲಿ ಇರಲಿಲ್ಲ.

ಮಾರುವ ಹಿರಿಯರನ್ನೇ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ವಿಷಯ ಯಾಕಮ್ಮ ಈಗ? ನಮ್ಮ ಮಾತು ಮೀರಿ ಮದುವೆ ಆದವಳು. ಅಪ್ಪ ಇದ್ದಾಗಲೇ ನನಗೇನೂ ಬೇಡ ಅಂತ ಬರೆದುಕೊಟ್ಟು ಹೋಗಿದ್ದಾಳೆ" ಅಂದರು. ಒಂದು ಹಳೇ ಛಾಪಾ ಕಾಗದವನ್ನೂ ತಂದು ತೋರಿಸಿದರು. ಮಧ್ಯಸ್ಥಿಕೆಯ ಬ್ರೋಕರ್ ನಮ್ಮನ್ನು ಪಕ್ಕಕ್ಕೆ ಕರೆದು, ಇದನ್ನೆಲ್ಲ ಎತ್ತಬೇಡಿ, ಇಪ್ಪತ್ತು ವರ್ಷದಿಂದ ಬರದವರು ಇನ್ನು ಬರುವುದಿಲ್ಲ ಅಂದ.

ನಾವು ವಕೀಲರ ಹತ್ತಿರ ಹೋದೆವು. ಅವರು ಆ ಕಾಗದ ನೋಡಿ ಹೇಳಿದ ಮಾತುಗಳನ್ನು ಹಾಗೇ ಬರೆಯುತ್ತೇನೆ, ಯಾಕೆಂದರೆ ಹಳೇ ಮನೆ ಕೊಳ್ಳುವ ಎಲ್ಲರಿಗೂ ಬೇಕಾದ್ದು ಇದು. ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ತಿದ್ದುಪಡಿ ಆದಮೇಲೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ತಂದೆ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿ, ಉಯಿಲು ಇಲ್ಲ ಅಂದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಮದುವೆ ಆಗಿದೆಯಾ, ಯಾರನ್ನು ಆಗಿದ್ದಾಳೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಬರೆದುಕೊಟ್ಟ ಕಾಗದ. ತಂದೆ ಬದುಕಿರುವಾಗ ಅವರ ಸ್ವಂತ ಆಸ್ತಿಯಲ್ಲಿ ಮಗಳಿಗೆ ಹಕ್ಕೇ ಹುಟ್ಟಿರುವುದಿಲ್ಲ, ಹುಟ್ಟದ ಹಕ್ಕನ್ನು ಬಿಟ್ಟುಕೊಡುವುದು ಹೇಗೆ? ತಂದೆ ಹೋದಮೇಲೆ ಬರೆದಿದ್ದರೂ, ಮನೆ ಸೈಟಿನ ಹಕ್ಕು ಬಿಡುವ ಪತ್ರವನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು. ಸುಮ್ನೆ ಛಾಪಾ ಕಾಗದದ ಮೇಲಿನ ಸಹಿ ಸಾಲದು.

ಹಾಗಾದರೆ ಇಸಿಯಲ್ಲಿ ಯಾಕೆ ಏನೂ ಕಾಣಲಿಲ್ಲ ಅಂತ ಕೇಳಿದೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಸಾವಿನಿಂದ ಬಂದ ಪಾಲು ಎಲ್ಲೂ ನೋಂದಣಿ ಆಗುವುದಿಲ್ಲ, ಹಾಗಾಗಿ ಅದು ಅಲ್ಲಿ ಕಾಣುವುದೇ ಇಲ್ಲ. ಖಾತೆ ಇರುವುದು ಕಂದಾಯ ಕಟ್ಟಲು, ಖಾತೆದಾರನೇ ಪೂರ್ತಿ ಮಾಲೀಕ ಅಂತ ಅರ್ಥವಲ್ಲ. ನಾವು ಅಷ್ಟು ಧೈರ್ಯವಾಗಿ ಹಿಡಿದುಕೊಂಡಿದ್ದ ಎರಡೂ ಕಾಗದ ಈ ಪ್ರಶ್ನೆಗೆ ಉತ್ತರ ಕೊಡುವಂಥವೇ ಅಲ್ಲ ಅಂತ ಗೊತ್ತಾದಾಗ ನನಗೆ ಕೈಕಾಲು ತಣ್ಣಗಾಯಿತು. 78 ಲಕ್ಷ ಕೊಟ್ಟ ಮೇಲೆ ಆಕೆ ಕೋರ್ಟಿಗೆ ಹೋಗಿದ್ದರೆ ಐದರಲ್ಲಿ ಒಂದು ಪಾಲು ಪ್ರಶ್ನೆಗೆ ಬೀಳುತ್ತಿತ್ತು.

ತಂಗಿಯೂ ಮಾರುವವರಾಗಿ ಸಹಿ ಹಾಕಿದರೆ ಮಾತ್ರ ಕೊಳ್ಳುತ್ತೇವೆ ಅಂತ ಹೇಳಿಬಿಟ್ಟೆವು. ಅಣ್ಣಂದಿರು ಮೊದಲು ಸಿಟ್ಟಾದರು. ಒಂದು ತಿಂಗಳು ಫೋನಿಲ್ಲ. ಆ ತಿಂಗಳು ನಾವು ಕುವೆಂಪು ನಗರದ ಮನೆಯನ್ನು ಮತ್ತೆ ಹೋಗಿ ನೋಡಿಕೊಂಡು ಬಂದೆವು. ಆಮೇಲೆ ಎರಡನೇ ಅಣ್ಣ ಮೈಸೂರಿಗೆ ಹೋಗಿ ತಂಗಿಯನ್ನು ಕಂಡು ಬಂದರಂತೆ. ಮಾತುಕತೆ ಮುಗಿಯುವ ಹೊತ್ತಿಗೆ ಶ್ರಾವಣ ಕಳೆದಿತ್ತು, ಪಿತೃಪಕ್ಷದಲ್ಲಿ ಯಾರೂ ನೋಂದಣಿ ಇಟ್ಟುಕೊಳ್ಳಲು ಒಪ್ಪಲಿಲ್ಲ. ದಸರಾ ಮುಗಿದ ವಾರದಲ್ಲಿ ಐದೂ ಜನ ಬಂದು ಸಹಿ, ಹೆಬ್ಬೆಟ್ಟು ಹಾಕಿದರು. ಆಕೆಯ ಪಾಲಿನ ಚೆಕ್ಕನ್ನು ಆಕೆಯ ಹೆಸರಿಗೇ ಬೇರೆಯಾಗಿ ಕೊಟ್ಟೆವು, ಅದನ್ನು ಪತ್ರದಲ್ಲೂ ಬರೆಸಿದೆವು. ಅವತ್ತು ಸಂಜೆ ಆಕೆ ಮನೆಗೆ ಬಂದು ಅಡುಗೆಮನೆ ಬಾಗಿಲ ಹತ್ತಿರ ತುಂಬಾ ಹೊತ್ತು ನಿಂತಿದ್ದರು. ಅತ್ತೆ ಕಾಫಿ ಮಾಡಿಕೊಟ್ಟರು.

ಈ ತಡದಿಂದ ಇನ್ನೊಂದು ಪೆಟ್ಟೂ ಬಿತ್ತು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಶ್ರಾವಣದಲ್ಲೇ ಮುಗಿದಿದ್ದರೆ ಉಳಿಯುತ್ತಿದ್ದ 78,000 ರೂಪಾಯಿ ಹೋಯಿತು. ಮುದ್ರಾಂಕ, ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6, ಅದರ ಮೇಲೆ ಈ ಶೇ 2. ಒಟ್ಟು 5.93 ಲಕ್ಷ. ಹೊಸ ಲೆಕ್ಕ ಹಾಕಿಕೊಳ್ಳುವವರು ಶೇ 7.6 ಅಂತಲೇ ಇಟ್ಟುಕೊಳ್ಳಿ. ಆ ದುಡ್ಡಿನ ಬಗ್ಗೆ ಬೇಸರವಿದೆ, ಕಾದದ್ದರ ಬಗ್ಗೆ ಇಲ್ಲ.

ಮನೆಯ ಕುಂದುಗಳನ್ನೂ ಹೇಳಬೇಕು. ಬ್ಯಾಂಕಿನವರು ಹೆಂಚಿನ ಕಟ್ಟಡಕ್ಕೆ ಬೆಲೆಯನ್ನೇ ಕಟ್ಟಲಿಲ್ಲ, ಸೈಟಿನ ಲೆಕ್ಕಕ್ಕೆ ಮಾತ್ರ ಸಾಲ ಕೊಟ್ಟರು. ನಮಗೆ 40 ಲಕ್ಷ ಬೇಕಿತ್ತು, ಸಿಕ್ಕಿದ್ದು 30. ಉಳಿದದ್ದಕ್ಕೆ ನನ್ನ ಪಿಎಫ್ ತೆಗೆದೆವು. ವೈರಿಂಗ್ ಪೂರ್ತಿ ಹೊಸದಾಗಿ ಮಾಡಿಸಬೇಕಾಯಿತು. ಹಜಾರದ ಒಂದು ತೊಲೆಯ ತುದಿಗೆ, ಗೋಡೆಯೊಳಗೆ ಹೋಗುವ ಕಡೆ, ಗೆದ್ದಲು ಹಿಡಿದಿತ್ತು. ಬಡಗಿ ಸ್ಕ್ರೂಡ್ರೈವರ್ ಚುಚ್ಚಿದರೆ ಎರಡಿಂಚು ಬೆಣ್ಣೆಯ ಹಾಗೆ ಒಳಗೆ ಹೋಯಿತು. ಆ ತೊಲೆ ಬದಲಾಯಿಸಿದೆವು, ಉಳಿದವು ಗಟ್ಟಿಯಾಗಿವೆ. ಡಿಸೆಂಬರಿನಲ್ಲಿ ಹೆಂಚಿನ ಸಂದಿಯಿಂದ ಚಳಿಗಾಳಿ ನುಗ್ಗುತ್ತದೆ, ಅತ್ತೆಯ ಕೋಣೆಗೆ ಹಲಗೆಯ ಸೂರು ಹೊಡೆಸಿದ್ದೇವೆ. ಅದೇ ಹೆಂಚಿನಿಂದಾಗಿ ಏಪ್ರಿಲ್ ಮಧ್ಯಾಹ್ನದಲ್ಲೂ ಹಜಾರದಲ್ಲಿ ಫ್ಯಾನ್ ಬೇಕಾಗಲಿಲ್ಲ.

ಒಡೆದ ಹೆಂಚು ಬದಲಿಸುವವರಿಗೆ ಒಂದು ಮಾತು. ಮಂಗಳೂರು ಹೆಂಚು ಅಂದರೆ ಎಲ್ಲಾ ಒಂದೇ ಅಂತ ನಾನೂ ತಿಳಿದಿದ್ದೆ. ಅಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚಿನ ಕಚ್ಚು ಸ್ವಲ್ಪ ಬೇರೆ ಇರುತ್ತದೆ. ಬೇರೆಯದು ತಂದು ಕೂರಿಸಿದರೆ ಕೂತ ಹಾಗೆ ಕಾಣುತ್ತದೆ, ಮೊದಲ ಮಳೆಗೆ ಸೋರುತ್ತದೆ. ಹೆಂಚನ್ನು ತಿರುಗಿಸಿ ಅದರ ಮೇಲೆ ಅಚ್ಚಾಗಿರುವ ಹೆಸರು ನೋಡಿ, ಅದೇ ಹೆಸರಿನದನ್ನು ಹಳೇ ಮನೆ ಕೆಡವುವ ಕಡೆ ಹುಡುಕಿ ತನ್ನಿ. ನಮಗೆ 140 ಹೆಂಚು ಬೇಕಾಯಿತು, ಮೂರು ಕಡೆಯಿಂದ ಸೇರಿಸಿದೆವು.

ರಿಪೇರಿಗೆ ಇಲ್ಲಿಯವರೆಗೆ 5 ಲಕ್ಷ ಚಿಲ್ಲರೆ ಆಗಿದೆ. ಎಲ್ಲಾ ಕೂಡಿದರೆ 90ರ ಒಳಗೇ ಇದ್ದೇವೆ. ಮನೆಯಲ್ಲಿ ವಯಸ್ಸಾದವರಿಲ್ಲ, ಇಬ್ಬರಿಗೂ ಗಾಡಿ ಇದೆ, ಸಾಲವೇ ಜಾಸ್ತಿ ಬೇಕು ಅನ್ನುವವರಿಗೆ ಹೊಸ ಡ್ಯೂಪ್ಲೆಕ್ಸೇ ಸರಿ. ದಾಖಲೆಯ ತಲೆನೋವೇ ಬೇಡ, ಸೂರಿಗೆ 7 ಲಕ್ಷ ಹಾಕಬಲ್ಲೆ ಅನ್ನುವವರು ಕುವೆಂಪು ನಗರದಂಥ ಮನೆ ನೋಡಿ. ನಡೆದು ಓಡಾಡುವ, ಒಂದೇ ಮಟ್ಟದ ನೆಲ ಬೇಕಾದ ನಮ್ಮಂಥವರಿಗೆ ಹಳೇ ಹೆಂಚಿನ ಮನೆಯೇ. ಆದರೆ ಅಡ್ವಾನ್ಸ್ ಕೊಡುವ ಮೊದಲು ಅಕ್ಕಪಕ್ಕದ ಹಳಬರನ್ನು ಕೇಳಿ, ಈ ಮನೆಯಲ್ಲಿ ಎಷ್ಟು ಮಕ್ಕಳು ಬೆಳೆದರು ಅಂತ.

ಮೊನ್ನೆ ಭರಣಿ ಮಳೆಗೆ ಹೆಂಚೂ ಹಿಂದಿನ ತಾರಸಿಯೂ ಸೇರುವ ಕಡೆ ಎರಡು ಕಡೆ ತೊಟ್ಟಿಕ್ಕಿತು. ಅಲ್ಲಿ ನೀರು ಹರಿಯಲು ಹಾಕಿದ್ದ ತಗಡು ತೂತಾಗಿದೆ. ಹೊಸ ತಗಡು ತಂದಿಟ್ಟಿದ್ದೇವೆ, ಮಳೆ ಎರಡು ದಿನ ಬಿಡುವು ಕೊಟ್ಟರೆ ಬಡಗಿ ಬರುತ್ತೇನೆ ಅಂದಿದ್ದಾರೆ.