ಟೈಮಿಂಗ್ ಬದಲಿಸುವ ಸಿಡಿಐ ಬಾಕ್ಸ್: ಕೆಲವು ವರ್ಷ ಓಡಿಸಿದ ಮೇಲೆ

ಸಿಂಗಲ್ ಸಿಲಿಂಡರ್ ಬೈಕಿಗೆ ಈ ಪ್ರೋಗ್ರಾಮೆಬಲ್ ಸಿಡಿಐ (ಸ್ಪಾರ್ಕ್ ಯಾವಾಗ ಬೀಳಬೇಕು ಅಂತ ನಿರ್ಧರಿಸುವ ಇಗ್ನಿಷನ್ ಬಾಕ್ಸ್) ಹಾಕಿ ಕೆಲವು ವರ್ಷಗಳಾದವು. ಟಾಪ್ ಸ್ಪೀಡ್ ಜಾಸ್ತಿ ಆಗಲಿ ಅಂತ ಕೊಳ್ಳುವವರಿಗೆ ಇದು ಬೇಡ. ಅಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನನಗೆ ಲಾಭ ಸಿಕ್ಕಿದ್ದು 3000 ಆರ್‌ಪಿಎಂ ಆಸುಪಾಸಿನಲ್ಲಿ, ಅರ್ಧ ಥ್ರಾಟಲ್‌ನಲ್ಲಿ.

ಹಳೆ ಬಾಕ್ಸ್ ಆರ್‌ಪಿಎಂ ಮಾತ್ರ ನೋಡುತ್ತಿತ್ತು. ಇದು ಥ್ರಾಟಲ್ ಎಷ್ಟು ತೆರೆದಿದೆ ಅನ್ನೋದನ್ನೂ ನೋಡುತ್ತದೆ. ಥ್ರಾಟಲ್ ಕಡಿಮೆ ಇದ್ದಾಗ ಸಿಲಿಂಡರ್ ಪೂರ್ತಿ ತುಂಬಲ್ಲ, ಬೆಂಕಿ ನಿಧಾನವಾಗಿ ಹರಡುತ್ತದೆ. ಆಗ ಸ್ಪಾರ್ಕ್ ಇನ್ನೂ ಮುಂಚೆ ಬೀಳಬೇಕು. ಒತ್ತಡ ಟಿಡಿಸಿ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) ದಾಟಿ ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗಿದಾಗ ಗರಿಷ್ಠಕ್ಕೆ ಹೋದರೆ ಟಾರ್ಕ್ ಚೆನ್ನಾಗಿ ಸಿಗುತ್ತದೆ. ತೀರಾ ಬೇಗ ಏರಿದರೆ ಮೇಲಕ್ಕೆ ಬರುತ್ತಿರುವ ಪಿಸ್ಟನ್‌ಗೇ ಅಡ್ಡ ಬರುತ್ತದೆ. ತಡವಾದರೆ ಶಾಖವೆಲ್ಲ ಸೈಲೆನ್ಸರ್ ಪೈಪಿಗೆ ಹೋಗುತ್ತದೆ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ ಅಂದ್ರೆ ಎಷ್ಟು ಸೂಕ್ಷ್ಮ ನೋಡಿ.

ಸೆಟ್ ಮಾಡಿದ್ದು ಒಂದೇ ಏರಿನಲ್ಲಿ, ಮೂರನೇ ಗೇರ್, ಪೂರ್ತಿ ಥ್ರಾಟಲ್. ಅಡ್ವಾನ್ಸ್, ಅಂದ್ರೆ ಟಿಡಿಸಿಗಿಂತ ಎಷ್ಟು ಡಿಗ್ರಿ ಮುಂಚೆ ಸ್ಪಾರ್ಕ್ ಬೀಳಬೇಕು ಅನ್ನೋದು, 24 ಡಿಗ್ರಿಯಿಂದ 26ಕ್ಕೆ ಹೋದಾಗ ಎಳೆತ ಚೆನ್ನಾಗಿಯೇ ಗೊತ್ತಾಯಿತು. 28ರಲ್ಲಿ ಇನ್ನೂ ಸ್ವಲ್ಪ. 30ರಲ್ಲಿ ಹೆಚ್ಚೇನೂ ಇಲ್ಲ. 32ಕ್ಕೆ ಇಂಜಿನ್ ಬಿಸಿಯಾದ ಮೇಲೆ ಟಿಣ್ ಟಿಣ್ ಅಂತ ನಾಕಿಂಗ್ (ಪೆಟ್ರೋಲ್ ಮಿಶ್ರಣ ತಾನಾಗೇ ಸಿಡಿಯುವುದು) ಶುರು. ಟಾರ್ಕ್ ಗ್ರಾಫ್ ಮೇಲ್ತುದಿಯಲ್ಲಿ ಹೆಚ್ಚು ಕಡಿಮೆ ಚಪ್ಪಟೆ. ಅಲ್ಲಿ ಎರಡು ಡಿಗ್ರಿ ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದು ಬಹಳ ಕಡಿಮೆ, ನಾಕಿಂಗ್‌ನಿಂದ ಸಿಗುವ ಅಂತರ ಮಾತ್ರ ದೊಡ್ಡದು. ಹಾಗಾಗಿ 28ರಲ್ಲೇ ಬಿಟ್ಟಿದ್ದೇನೆ. ಇದು ನನ್ನ ಇಂಜಿನ್ನಿನ ಲೆಕ್ಕ, ನಿಮ್ಮದಕ್ಕೆ ಸುಮ್ನೆ ಹಾಕಬೇಡಿ.

ದೂರುಗಳೂ ಇವೆ. ಜೊತೆಗೆ ಬಂದ ಕನೆಕ್ಟರ್‌ಗೆ ರಬ್ಬರ್ ಸೀಲ್ ಇರಲಿಲ್ಲ. ಮಳೆಯಲ್ಲಿ ಮಿಸ್ ಹೊಡೆಯುತ್ತಿತ್ತು, ಸೀಲ್ ಇರುವ ಕನೆಕ್ಟರ್ ಹಾಕಿದ ಮೇಲೆ ನಿಂತಿತು. ಇನ್ನೂ ಮುಖ್ಯವಾದ್ದು: ಸಾಫ್ಟ್‌ವೇರ್ 28 ಅಂತ ತೋರಿಸಿದರೂ ಮೊದಲ ದಿನ ಟೈಮಿಂಗ್ ಲೈಟ್ (ಸ್ಪಾರ್ಕ್ ಬಿದ್ದಾಗಲೆಲ್ಲ ಮಿನುಗುವ ದೀಪ) ಹಿಡಿದಾಗ ಫ್ಲೈವೀಲ್ ಗುರುತು 31ರಲ್ಲಿತ್ತು. ಕ್ರ್ಯಾಂಕ್ ಎಲ್ಲಿದೆ ಅಂತ ಬಾಕ್ಸಿಗೆ ತಿಳಿಸುವ ಪಿಕಪ್ ಕಾಯಿಲ್ ಕೂತಿರುವ ಜಾಗಕ್ಕೆ ತಕ್ಕ ಹಾಗೆ ಸಾಫ್ಟ್‌ವೇರ್‌ನಲ್ಲಿ ಆಫ್‌ಸೆಟ್ (ಆ ವ್ಯತ್ಯಾಸ ಸರಿದೂಗಿಸುವ ಡಿಗ್ರಿ) ಕೊಡಬೇಕು. ಮ್ಯಾನುಯಲ್‌ನಲ್ಲಿ ಈ ವಿಷಯವೇ ಇಲ್ಲ, ಇದು ಸಣ್ಣ ತಪ್ಪಲ್ಲ. ಪಿಸ್ಟನ್ ಹೋದರೆ ಯಾರು ಹೊಣೆ?

ಟೈಮಿಂಗ್ ಲೈಟ್ ಇದ್ದು, ಕೂತು ಹೊಂದಿಸುವ ತಾಳ್ಮೆ ಇದ್ದರೆ ಧೈರ್ಯವಾಗಿ ತಗೊಳ್ಳಿ. ಕಿಕ್ ಸ್ಟಾರ್ಟ್ ಬೈಕ್ ಆದರೆ ಸ್ಟಾರ್ಟಿಂಗ್ ಅಡ್ವಾನ್ಸನ್ನು 10 ಡಿಗ್ರಿಯೊಳಗೇ ಇಡಿ, ಇಲ್ಲದಿದ್ದರೆ ಕಿಕ್ಕರ್ ವಾಪಸ್ ಒದೆಯುತ್ತದೆ.