ಪುಣೆಯಲ್ಲಿ ಹಳೇ ಮರ್ಸಿಡಿಸ್ ಇ220: ಸ್ಟೀರಿಂಗ್ ಬಾಕ್ಸಿನ ಪ್ಲೇ ತೆಗೆಸಿದ ಮೇಲಿನ ಅನುಭವ

ಡಬ್ಲ್ಯು124 ಸರಣಿಯ ಇ220 ಪೆಟ್ರೋಲ್ ಕಾರನ್ನು ಬಹಳ ವರ್ಷಗಳಿಂದ ಓಡಿಸುತ್ತಿದ್ದೇನೆ. ಮರ್ಸಿಡಿಸ್ ಕಂಪನಿ ಭಾರತದಲ್ಲಿ ಮೊದಲು ಜೋಡಿಸಿದ್ದು ಇದೇ ಸರಣಿಯನ್ನು. 1995ರಲ್ಲಿ, ಇಲ್ಲೇ ಪಿಂಪ್ರಿ-ಚಿಂಚವಾಡದ ಟಾಟಾದವರ ವಾಹನ ಕಂಪನಿ ಟೆಲ್ಕೊದ ಆವರಣದಲ್ಲಿ. ಹಾಗಾಗಿ ಇದರ ಕೆಲಸ ಬಲ್ಲ ಹಳಬರು ಪುಣೆಯಲ್ಲಿ ಇನ್ನೂ ಸಿಗುತ್ತಾರೆ. ಎಂಜಿನ್, ಸೀಟು, ಬ್ರೇಕು ಯಾವುದರ ಬಗ್ಗೆಯೂ ನನಗೆ ದೂರಿಲ್ಲ. ಇಲ್ಲಿ ಬರೆಯುತ್ತಿರುವುದು ಸ್ಟೀರಿಂಗಿನ ಪ್ಲೇ, ಅಂದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದ ಸಡಿಲ, ಅದರ ಬಗ್ಗೆ ಮಾತ್ರ. ಈ ಕಾರು ಇಟ್ಟುಕೊಂಡವರನ್ನು ಜಾಸ್ತಿ ಕಾಡುವುದು ಅದೇ.

ನಾವು ಊರಿಗೆ ಹೋಗುವುದು ಬೆಂಗಳೂರು ಹೆದ್ದಾರಿಯಲ್ಲಿ. ಸಾತಾರ ದಾಟಿ ರಸ್ತೆ ನೇರವಾದ ಮೇಲೂ ಕೈಗೆ ಬಿಡುವಿರಲಿಲ್ಲ. ಸ್ಟೀರಿಂಗ್ ಚಕ್ರ ಒಂದಿಷ್ಟು ತಿರುಗಿದರೂ ಕಾರು ತಿರುಗದು, ಆಮೇಲೆ ಒಮ್ಮೆಲೇ ತಿರುಗುತ್ತಿತ್ತು. ಲಾರಿ ಪಕ್ಕದಲ್ಲಿ ಹಾದು ಹೋದರೆ ಗಾಳಿಗೆ ಕಾರು ಓಲಾಡುತ್ತಿತ್ತು. ಹಿಂದೆ ಅಮ್ಮ ಕೂತಿದ್ದಾಗ ಇದು ಸಣ್ಣ ತೊಂದರೆ ಅಲ್ಲ.

ಒಂದು ಗ್ಯಾರೇಜಿನಲ್ಲಿ ಜಾಕ್ ಕೂಡ ಹಾಕದೆ, ಸ್ಟೀರಿಂಗ್ ಬಾಕ್ಸ್ (ಕೈಯ ತಿರುವನ್ನು ಮುಂದಿನ ಚಕ್ರಗಳಿಗೆ ದಾಟಿಸುವ ಹಲ್ಲುಗಳ ಪೆಟ್ಟಿಗೆ) ಹೋಗಿದೆ, ಹೊಸದೇ ಹಾಕಬೇಕು ಅಂದರು. ಇನ್ನೊಂದು ಕಡೆ, ಬಾಕ್ಸಿನ ಮೇಲಿನ ಸ್ಕ್ರೂ ಬಿಗಿ ಮಾಡಿ ಹತ್ತು ನಿಮಿಷದಲ್ಲಿ ಕೊಡುತ್ತೇವೆ ಅಂದರು. ಎರಡಕ್ಕೂ ನಾನು ಒಪ್ಪಲಿಲ್ಲ. ಕೊನೆಗೆ ಕಾಸರ್‌ವಾಡಿಯಲ್ಲಿ ವಿಜಯಪುರ ಕಡೆಯ ಒಬ್ಬ ಮಿಸ್ತ್ರಿ ಸಿಕ್ಕರು. ಅವರು ಹೇಳಿದ ಮೊದಲ ಮಾತೇ, "ಸಾಹೇಬ್ರ, ಬಾಕ್ಸಿಗೆ ಕೈ ಹಚ್ಚೂದು ಕಡೀಗೆ. ಮೊದ್ಲ ಕೆಳಗ ನೋಡೂಣ್ರಿ."

ಎಂಜಿನ್ ಚಾಲೂ ಇಟ್ಟು, ಚಕ್ರವನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಇರಲು ನನಗೆ ಹೇಳಿದರು. ತಾವು ಕೆಳಗೆ ಮಲಗಿ ಒಂದೊಂದೇ ಬಾಲ್ ಜಾಯಿಂಟಿನ (ರಾಡ್‌ಗಳನ್ನು ಸೇರಿಸುವ ಗುಂಡು ಕೀಲಿನ) ಮೇಲೆ ಬೆರಳಿಟ್ಟು ನೋಡಿದರು. ಜಾಯಿಂಟ್ ಸವೆದಿದ್ದರೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ. ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್‌ಗಳು ಚೆನ್ನಾಗಿದ್ದವು. ಬಾಕ್ಸಿನ ಎದುರು ಬದಿಯಲ್ಲಿ ಈ ರಾಡ್‌ಗಳಿಗೆ ಆಸರೆಯಾದ ಐಡ್ಲರ್ ಆರ್ಮಿನ ಬುಷ್ ಮಾತ್ರ ಪೂರ್ತಿ ಸವೆದು, ಆ ಆರ್ಮ್ ಮೇಲೆ ಕೆಳಗೆ ಕುಣಿಯುತ್ತಿತ್ತು. ಸ್ಟೀರಿಂಗ್ ರಾಡ್ ಬಾಕ್ಸಿಗೆ ಸೇರುವಲ್ಲಿನ ಕಪ್ಲಿಂಗ್ ಕೂಡ ಸಡಿಲಾಗಿತ್ತು. ಇವೆರಡನ್ನೂ ಪುಣೆಯ ನಾನಾ ಪೇಟ್ ಬಡಾವಣೆಯಿಂದ ತರಿಸಿ ಹಾಕಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಪ್ಲೇ ಅಲ್ಲೇ ಹೋಯಿತು. ಬಾಕ್ಸನ್ನು ಇನ್ನೂ ಮುಟ್ಟಿರಲಿಲ್ಲ!

ಉಳಿದದ್ದು ಬಾಕ್ಸಿನದೇ. ಅದನ್ನು ಹೇಗೆ ಗುರುತಿಸಿದರು ಅಂದರೆ, ಬಾಕ್ಸಿಗೆ ಮೇಲಿನಿಂದ ಬರುವ ಶಾಫ್ಟ್ ತಿರುಗುತ್ತಿದೆ, ಆದರೆ ಕೆಳಗೆ ರಾಡ್‌ಗಳನ್ನು ತಳ್ಳುವ ಡ್ರಾಪ್ ಆರ್ಮ್ ಸ್ವಲ್ಪ ಹೊತ್ತು ಸುಮ್ನೆ ನಿಂತಿರುತ್ತದೆ. ಈ ಕಾರಿನಲ್ಲಿ ಇರುವುದು ರ್‍ಯಾಕ್ (ಹಲ್ಲು ಕೊರೆದ ನೇರ ಸಲಾಕೆ) ಅಲ್ಲ, ರೀಸರ್ಕ್ಯುಲೇಟಿಂಗ್ ಬಾಲ್ ಬಾಕ್ಸ್. ಇದರ ನಂತರ ಬಂದ ಡಬ್ಲ್ಯು210ಕ್ಕೆ ರ್‍ಯಾಕ್ ಬಂತು. ಬಾಕ್ಸಿನ ಒಳಗೆ ಒಂದು ವರ್ಮ್ (ಸ್ಕ್ರೂವಿನಂಥ ದಂಡ), ಅದರ ಮೇಲೆ ಉಕ್ಕಿನ ಗುಂಡುಗಳ ಮೇಲೆ ಓಡಾಡುವ ನಟ್ಟು. ನಟ್ಟಿನ ಹಲ್ಲುಗಳು ಡ್ರಾಪ್ ಆರ್ಮನ್ನು ತಿರುಗಿಸುವ ಸೆಕ್ಟರ್ ಶಾಫ್ಟಿನ ಹಲ್ಲುಗಳಿಗೆ ಕೂರುತ್ತವೆ. ಸೆಕ್ಟರ್ ಹಲ್ಲುಗಳು ಸ್ವಲ್ಪ ಇಳಿಜಾರಾಗಿರುತ್ತವೆ. ಬಾಕ್ಸಿನ ಮೇಲಿನ ಆ ಸ್ಕ್ರೂ ತಿರುಗಿಸಿದರೆ ಶಾಫ್ಟ್ ಉದ್ದಕ್ಕೆ ಸರಿದು ಹಲ್ಲುಗಳ ನಡುವಿನ ಸಂದು ಕಡಿಮೆಯಾಗುತ್ತದೆ. ಕೆಲಸ ಇಷ್ಟೇ.

ಆದರೆ ಎಚ್ಚರ ಇಲ್ಲೇ ಬೇಕು. ನಾವು ಗಾಡಿ ಓಡಿಸುವುದು ಹೆಚ್ಚಾಗಿ ನೇರಕ್ಕೆ ಅಲ್ವಾ? ಅದಕ್ಕೇ ಹಲ್ಲು ಸವೆಯುವುದು ನಡುವಿನಲ್ಲೇ. ಹೊಸ ಬಾಕ್ಸಿನಲ್ಲಿ ನಡುವೆ ಬಿಗಿ, ಎರಡೂ ತುದಿಗೆ ಸ್ವಲ್ಪ ಸಡಿಲ ಇರುವ ಹಾಗೆಯೇ ಮಾಡಿರುತ್ತಾರೆ. ಅದಕ್ಕೆ ಹೊಂದಾಣಿಕೆ ಯಾವತ್ತೂ ಚಕ್ರ ನೇರ ಇದ್ದಾಗಲೇ. ತುದಿಗೆ ತಿರುಗಿಸಿಟ್ಟು ಪ್ಲೇ ತೆಗೆದರೆ, ನಡುವಿಗೆ ಬಂದಾಗ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಮಿಸ್ತ್ರಿ ಮುಂದಿನ ಚಕ್ರಗಳನ್ನು ಎತ್ತಿ, ಲಾಕ್‌ನಟ್ ಸಡಿಲಿಸಿ, ಆಲನ್ ಕೀಯಿಂದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಸ್ಕ್ರೂ ಅಲುಗದಂತೆ ಕೀ ಹಿಡಿದುಕೊಂಡೇ ನಟ್ ಬಿಗಿದರು. ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ, ಎಲ್ಲಾದರೂ ತಡೆಯುತ್ತದಾ ಅಂತ ನೋಡಿದರು. ಮತ್ತೆ ಕೂದಲೆಳೆಯಷ್ಟು. ಯಾವ ಕಡೆ ತಿರುಗಿಸಿದರೆ ಬಿಗಿ ಅನ್ನುವುದು ಬಾಕ್ಸಿನಿಂದ ಬಾಕ್ಸಿಗೆ ಬೇರೆ ಇರುತ್ತದೆ. ಕಾರಿನ ರಿಪೇರಿ ಪುಸ್ತಕ ನೋಡದೆ ಯಾರೂ ಕೈ ಹಾಕಬೇಡಿ.

ರಸ್ತೆಯಲ್ಲಿ ನೋಡಬೇಕಾದ್ದು ಒಂದೇ. ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಚಕ್ರ ತಾನಾಗಿ ನೇರಕ್ಕೆ ಬರಬೇಕು. ಬರಲಿಲ್ಲ ಅಂದರೆ ಬಿಗಿ ಜಾಸ್ತಿಯಾಗಿದೆ, ಕೂಡಲೇ ವಾಪಸ್ ಸಡಿಲಿಸಬೇಕು. ಹೆದ್ದಾರಿಯಲ್ಲಿ ಕಚ್ಚುವ ಸ್ಟೀರಿಂಗ್, ಪ್ಲೇ ಇರುವ ಸ್ಟೀರಿಂಗಿಗಿಂತ ಅಪಾಯ. ಸೊನ್ನೆ ಪ್ಲೇ ಈ ಬಾಕ್ಸಿನಲ್ಲಿ ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ನನ್ನದರಲ್ಲಿ ಈಗ ಒಂದು ಬೆರಳಿನ ಅಗಲದಷ್ಟೂ ಇಲ್ಲ.

ಇದಾಗಿ ಮಳೆಗಾಲಗಳು ಕಳೆದಿವೆ. ಖಂಬಾಟ್ಕಿ ಘಾಟ್ ಇಳಿಯುವಾಗ ಕಾರು ಹೇಳಿದ ಗೆರೆಯಲ್ಲೇ ಹೋಗುತ್ತದೆ. ನಿಪ್ಪಾಣಿ ತಲುಪುವಾಗ ಭುಜ ನೋಯುವುದಿಲ್ಲ. ಹೊಸ ಕಾರುಗಳ ಚುರುಕು ಇದಕ್ಕಿಲ್ಲ, ಕೈ ಜಾಸ್ತಿ ತಿರುಗಿಸಬೇಕು. ಆದರೆ ರಸ್ತೆಯ ಹೊಂಡ ಕೈಗೆ ಬಡಿಯದಂತೆ ನುಂಗಿಕೊಳ್ಳುವ ಗುಣ ಈ ಬಾಕ್ಸಿನದೇ, ಅದು ನನಗೆ ತುಂಬಾ ಇಷ್ಟ. ಖರ್ಚು ಹೊಸ ಬಾಕ್ಸಿನ ಬೆಲೆಯ ಹತ್ತಿರಕ್ಕೂ ಹೋಗಲಿಲ್ಲ.

ಹಳೇ ಡಬ್ಲ್ಯು124 ಕೊಳ್ಳುವವರು ಸ್ಟೀರಿಂಗ್ ಸಡಿಲ ಅಂತ ಹೆದರಿ ಬಿಡಬೇಡಿ, ಆದರೆ ಬಾಕ್ಸಿನ ಸ್ಕ್ರೂ ತಲೆ ಮತ್ತು ನಟ್ ಮೇಲೆ ಹೊಸ ಗೀರುಗಳಿವೆಯಾ ನೋಡಿ. ಇದ್ದರೆ, ಮಾರುವ ಮುಂಚೆ ಯಾರೋ ಬಿಗಿದಿರಬಹುದು. ಬಾಕ್ಸಿನ ಕೆಳಗಿನ ಸೀಲನ್ನೂ ಮುಟ್ಟಿ ನೋಡಿ. ನನ್ನ ಕಾರಿನಲ್ಲಿ ಈಗ ಅಲ್ಲಿ ಸ್ವಲ್ಪ ಎಣ್ಣೆ ಜಿನುಗುತ್ತಿದೆ. ಸೀಲ್ ಕಿಟ್ ತರಿಸಿದ್ದೇನೆ, ಮಳೆ ಶುರುವಾಗುವ ಮೊದಲು ಅದೇ ಮಿಸ್ತ್ರಿ ಹತ್ತಿರ ಹಾಕಿಸುತ್ತೇನೆ.