ಮೂರು ಚೆಂಡಿನ ಸ್ಪೈರೋಮೀಟರ್: ಉಸಿರಿಗೆ ಸರಿ, ಕಾಲಿಗೆ ಏನು?

ಜೋರಾಗಿ ಕೋವಿಡ್ ನ್ಯುಮೋನಿಯಾ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಕೈಯಲ್ಲಿ ಮಾತ್ರೆ ಚೀಟಿಯ ಜೊತೆ ಸ್ಪೈರೋಮೀಟರ್ ಅನ್ನೋ ಈ ಉಸಿರಾಟದ ವ್ಯಾಯಾಮದ ಸಾಮಾನೂ ಇರುತ್ತದೆ. ಮೂರು ಪ್ಲಾಸ್ಟಿಕ್ ಕೊಳವೆ, ಒಂದೊಂದರಲ್ಲಿ ಒಂದು ಚೆಂಡು, ಪಕ್ಕದಲ್ಲೊಂದು ಸುರುಳಿ ಪೈಪು. ನಾನೂ ಬಳಸಿದೆ. ಐದಕ್ಕೆ ಮೂರು ಅಂಕ ಕೊಡ್ತೀನಿ.

ಮೊದಲ ತಕರಾರು ಡಬ್ಬಿಯೊಳಗಿನ ಚೀಟಿಯದ್ದು. ಉಸಿರು ಎಳೆಯಿರಿ, ಚೆಂಡು ಏಳುತ್ತದೆ, ಅಷ್ಟೇ. ಕೊಳವೆ ಮೇಲಿನ 600, 900, 1200 ಏನು ಅಂತ ಒಂದು ಸಾಲೂ ಇಲ್ಲ. ಅದು ಎದೆಯಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ ಅನ್ನೋ ಲೆಕ್ಕ ಅಲ್ಲ, ಸೆಕೆಂಡಿಗೆ ಎಷ್ಟು ಸಿಸಿ (ಅಂದರೆ ಮಿಲಿಲೀಟರ್) ಗಾಳಿ ಎಳೆಯುತ್ತಿದ್ದೀರಿ ಅನ್ನೋ ವೇಗ. ಹಾಗಾಗಿ ಒಂದೇ ಸಲ ಸರ್ರನೆ ಎಳೆದರೆ ಮೂರೂ ಚೆಂಡು ಟಕ್ ಅಂತ ಹಾರಿ ಬೀಳುತ್ತವೆ, ಮನೆಯವರಿಗೂ ಖುಷಿ, ಆದರೆ ಒಳಗೆ ಹೋದ ಗಾಳಿ ಜಾಸ್ತಿ ಏನಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದೇ ಬೇರೆ. ನೆಟ್ಟಗೆ ಕೂತು, ಮೊದಲು ಉಸಿರು ಬಿಟ್ಟು, ತುಟಿ ಬಿಗಿ ಹಿಡಿದು ನಿಧಾನಕ್ಕೆ ಎಳೀಬೇಕು. ಎರಡು ಚೆಂಡು ಮೇಲೆ ನಿಲ್ಲಬೇಕು, ಮೂರನೆಯದು ಕೆಳಗೇ ಇರಬೇಕು. ಕೇಳೋಕೆ ಸುಲಭ. ಕೂತು ಮಾಡಿ ನೋಡಿ, ಚೆಂಡು ನಡುಗುತ್ತದೆ, ಪಕ್ಕೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಮಾತು, ಇದು ಊದೋ ಸಾಮಾನಲ್ಲ!

ಆದರೆ ಇದೊಂದನ್ನೇ ನೆಚ್ಚಿಕೊಂಡರೆ ಆಗಲ್ಲ. ಮೆಟ್ಟಿಲು ಹತ್ತೋಕೆ ಆಗದೆ ಇರೋದಕ್ಕೆ ಶ್ವಾಸಕೋಶ ಒಂದೇ ಕಾರಣ ಅಲ್ಲ, ಮಲಗಿ ಮಲಗಿ ತೊಡೆಯ ಸ್ನಾಯು ಕರಗಿರುತ್ತದೆ. ಅದಕ್ಕೆ ಕುರ್ಚಿಯಿಂದ ಎದ್ದು ಕೂರೋದು, ಗೋಡೆ ಹಿಡಿದು ಹಿಮ್ಮಡಿ ಎತ್ತೋದು, ಸ್ವಲ್ಪ ಸ್ವಲ್ಪ ನಡೆಯೋದು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರಿಸೋ ಆಕ್ಸಿಮೀಟರ್ ಬೆರಳಿಗೆ ಇದ್ದರೆ ಒಳ್ಳೆಯದು, ಕೂತಾಗ ಚೆನ್ನಾಗಿರೋ ನಂಬರ್ ನಡೆದಾಗ ಇಳಿಯಬಹುದು. ಕೋವಿಡ್ ಆದಮೇಲೆ ಚೇತರಿಸಿಕೊಳ್ಳೋದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಉಚಿತ ಕೈಪಿಡಿ ಇದೆ, 2021ರ ಆವೃತ್ತಿ ನೋಡಿ. ಏದುಸಿರು ಬಂದಾಗ ಹೇಗೆ ಬಗ್ಗಿ ಕೂರಬೇಕು ಅನ್ನೋದೂ ಚಿತ್ರದ ಸಮೇತ ಇದೆ, ಈ ಡಬ್ಬಿಯ ಚೀಟಿಗಿಂತ ಸಾವಿರ ಪಾಲು ವಾಸಿ.

ಇವತ್ತು ಹುಮ್ಮಸ್ಸಿನಲ್ಲಿ ಜಾಸ್ತಿ ವ್ಯಾಯಾಮ ಮಾಡಿದ್ದಕ್ಕೆ ನಾಳೆಯೋ ನಾಡಿದ್ದೋ ಮೈಯೆಲ್ಲ ಕುಸಿದು ಬಿದ್ದರೆ "ಇನ್ನೂ ಸ್ವಲ್ಪ ಮಾಡು" ಅನ್ನೋರ ಮಾತು ಕೇಳಬೇಡಿ. ಕಡಿಮೆ ಮಾಡಿ, ಡಾಕ್ಟರಿಗೆ ಹೇಳಿ. ಎದೆನೋವು ಬಂದರಂತೂ ತಡ ಮಾಡಲೇಬೇಡಿ.

ಸಾಮಾನು ಗಟ್ಟಿ ಇದೆ. ಪೈಪಿನ ಕೀಲು ಮಾತ್ರ ಬೇಗ ಸಡಿಲ ಆಗುತ್ತದೆ, ಗಾಳಿ ಸೋರಿದರೆ ಚೆಂಡು ಏಳಲ್ಲ. ಬಾಯಿಗೆ ಇಡೋ ತುದಿಯನ್ನು ತೊಳೆದು ಪೂರ್ತಿ ಒಣಗಿಸಿ, ಮನೆಯವರೆಲ್ಲ ಸುಮ್ನೆ ಒಂದು ಸಲ ನೋಡ್ತೀನಿ ಅಂತ ಬಂದರೆ ಕೊಡಬೇಡಿ.